ನಮ್ಮ ಸುಗಂಧರಾಜದ ಗಡ್ಡೆಗಳನ್ನು ಒಯ್ದ ಹೆಗ್ಗಣ ಮಹಾಶಯರಿಗೆ

ಶ್ರೀಮಾನ್ ಹೆಗ್ಗಣ ಮಹಾಶಯರು,
ಬಂಡೆಪ್ಪನವರ ಮುರುಮಿನ ಗುಡ್ಡೆಯ ತಳಮನೆ,
ಸಂತೋಷಬಾಗ್ ಕಾಲೊನಿಯ ಹಿಂದಿನ ಓಣಿ,
ಮೆಹದಿಪಟ್ಟಣಂ, ಹೈದರಾಬಾದು ಇವರ ಸನ್ನಿಧಿಗೆ.

ಮಾನ್ಯರೇ,

ತಾವೂ, ತಮ್ಮ ಧರ್ಮಪತ್ನಿಯವರೂ, ವರ್ಷಕ್ಕೆ ಹಲವು ಬಾರಿ ತೊಟ್ಟಿಲು ಕಟ್ಟಿಸುವ ತಮ್ಮ ಮಕ್ಕಳುಮರಿಗಳೂ ಈ ಬೇಸಿಗೆಯಲ್ಲಿ ನೆಲದಡಿಯ ತಂಪಿನಲ್ಲಿ ಕ್ಷೇಮವಾಗಿದ್ದೀರೆಂದು ನಂಬಿದ್ದೇನೆ. ನೆಲದ ಮೇಲೆ ಸಿಮೆಂಟಿನ ಚಾವಣಿಯ ಕೆಳಗೆ ಬೇಯುತ್ತಿರುವ ನಾವೂ ತಮ್ಮ ಕೃಪೆಯಿಂದ, ಅಂದರೆ ತಾವು ತಿಂದು ಉಳಿಸಿದ್ದನ್ನು ಉಂಡುಕೊಂಡು, ಹೇಗೋ ಇದ್ದೇವೆ. ತೆಲುಗಿನ ನೆರೆಯವರು ತಮ್ಮನ್ನು ಪಂದಿಕೊಕ್ಕು ಎಂದೂ, ಓಣಿಯ ತುದಿಯ ಕಿರಾಣಿ ಅಂಗಡಿಯವರು ಘೂಸ್ ಎಂದೂ ಕರೆಯುವುದನ್ನು ಕೇಳಿದ್ದೇನೆ. ಆ ಮಾತುಗಳಲ್ಲಿ ತಮ್ಮ ಘನತೆ ಕಾಣುವುದಿಲ್ಲವಾದ್ದರಿಂದ ಈ ಪತ್ರದಲ್ಲಿ ತಮ್ಮನ್ನು ಮಹಾಶಯರೇ ಎಂದೇ ಕರೆಯುತ್ತೇನೆ.

ಈ ಪತ್ರವನ್ನು ನೇರವಾಗಿ ತಮ್ಮ ಬಿಲದ ಬಾಯಿಗೇ ಹಾಕಬಹುದಿತ್ತು. ಆದರೆ ಹೋದ ವರ್ಷ ನಮ್ಮ ಅಡುಗೆಮನೆಯ ಗೂಡಿನಲ್ಲಿಟ್ಟಿದ್ದ ಪಂಚಾಂಗವನ್ನು ತಾವು ಶ್ರಾವಣದಿಂದ ಕಾರ್ತಿಕದವರೆಗೆ ಬಿಡದೆ ಓದಿ ಮುಗಿಸಿದ ರೀತಿಯನ್ನು ಕಂಡವಳಾದ್ದರಿಂದ, ತಮ್ಮ ಕೈಗೆ ಇನ್ನೊಂದು ಕಾಗದ ಕೊಡುವ ಧೈರ್ಯ ನನಗಿಲ್ಲ. ಆದಕಾರಣ ಇದನ್ನು ಬೋರ್‌ವೆಲ್ಲಿನ ಪಕ್ಕದ ಗೋಡೆಗೆ, ಕಾಲೊನಿಯವರೆಲ್ಲ ಕೊಡ ಹಿಡಿದು ಸಾಲು ನಿಲ್ಲುವ ಜಾಗದಲ್ಲಿ, ಅನ್ನದ ಗಂಜಿ ಹಚ್ಚಿ ಅಂಟಿಸುತ್ತಿದ್ದೇನೆ. ಕನ್ನಡ ಬಲ್ಲವರು ಬಾರದವರಿಗೆ ಓದಿ ಹೇಳುತ್ತಾರೆ, ಹೇಗೂ ತಮ್ಮ ಕಿವಿಗೆ ಬೀಳುತ್ತದೆ.

ನನ್ನ ಪರಿಚಯ ತಮಗೆ ಇಲ್ಲದೆ ಇಲ್ಲ. ನನ್ನ ಮನೆಯ ಬೇಳೆಯ ಡಬ್ಬಿಗಳ ಪರಿಚಯ ತಮಗೆ ನನಗಿಂತ ಚೆನ್ನಾಗಿದೆ. ಆದರೂ ಅರ್ಜಿಯ ಪದ್ಧತಿಯಂತೆ ಹೇಳುತ್ತೇನೆ: ನಾನು ಉಮಾಬಾಯಿ, ಕೇಂದ್ರ ಸರ್ಕಾರದ ಕಾರ್ಖಾನೆಯೊಂದರಲ್ಲಿ ಸ್ಟೋರ್ಸ್ ನೋಡಿಕೊಳ್ಳುವವರ ಹೆಂಡತಿ. ಯಜಮಾನರ ಹೆಸರು ಹೇಳುವ ರೂಢಿ ನನಗಿಲ್ಲ, ಬಾಗಿಲ ಪಕ್ಕದ ಹಲಗೆಯ ಮೇಲೆ ಬರೆದಿದೆ, ತಾವು ಹೋಗಿ ಬರುವಾಗ ನೋಡಿಕೊಳ್ಳಬಹುದು. ನನ್ನ ತಂದೆ ಲಿಂಗಸೂಗೂರಿನ ತಹಸೀಲ ಕಚೇರಿಯ ಮುಂದೆ ಕುಳಿತು ಊರವರ ಅರ್ಜಿ ಬರೆದುಕೊಡುತ್ತಿದ್ದವರು. ದೂರು ಎಷ್ಟೇ ಖಾರವಾಗಿದ್ದರೂ ಮೊದಲು ಎದುರಿನವರ ಕ್ಷೇಮ ಕೇಳಬೇಕು, ಆಮೇಲೆ ಕತ್ತು ಹಿಡಿಯಬೇಕು ಎಂದು ನನಗೆ ಕಲಿಸಿದವರು. ಕ್ಷೇಮ ಕೇಳಿಯಾಯಿತು.

ವಿಷಯವೇನೆಂದರೆ, ನಮ್ಮ ಅತ್ತೆಯವರಾದ ಶರಣಬಸಮ್ಮನವರು ಈ ವರ್ಷ ಸಂಕ್ರಾಂತಿ ಮುಗಿಸಿಕೊಂಡು ಊರಿನಿಂದ ನಮ್ಮಲ್ಲಿಗೆ ಬಂದರು. ಎರಡೂ ಕಣ್ಣಿಗೆ ಪೊರೆ ಬಂದು ಅವರಿಗೆ ಬೆಳಕು ಕತ್ತಲೆ ಬಿಟ್ಟರೆ ಹೆಚ್ಚೇನೂ ಕಾಣದಾಗಿತ್ತು. ನಮ್ಮ ಮಗಳು ವನಜಾ ಹುಟ್ಟುವ ಹೊತ್ತಿಗೇ ಆ ಪೊರೆ ದಟ್ಟವಾಗಿದ್ದುದರಿಂದ, ಇರುವ ಒಬ್ಬಳೇ ಮೊಮ್ಮಗಳ ಮುಖವನ್ನು ಅವರು ಕೈಯಿಂದ ಸವರಿ ಬಲ್ಲರೇ ಹೊರತು ಒಮ್ಮೆಯೂ ನೋಡಿದವರಲ್ಲ. ಇಲ್ಲಿಯ ಕಣ್ಣಿನ ಡಾಕ್ಟರು ಪರೀಕ್ಷೆ ಮಾಡಿ, ಆಪರೇಷನ್ ಮಾಡಿದರೆ ಖಂಡಿತ ಕಾಣುತ್ತದೆ, ಬೇಸಿಗೆ ಮುಗಿಯುವುದರೊಳಗೆ ಕರೆತನ್ನಿ, ಇನ್ನೂ ತಡ ಮಾಡಿದರೆ ಕೆಲಸ ಕಷ್ಟ ಎಂದರು. ಅತ್ತೆಯವರು ಒಲ್ಲೆ ಎಂದರು.

ಅಂಜಿಕೆಯೆಂದು ಒಪ್ಪಿಕೊಳ್ಳುವ ಪೈಕಿ ಅವರಲ್ಲ, ಹಾಗಾಗಿ ತಪ್ಪನ್ನು ಊರಿನ ಮೇಲೆ ಹೊರಿಸಿದರು. ಈ ಹೈದರಾಬಾದಿನ ನೆಲ ಬರೀ ಕಲ್ಲು, ಕಲ್ಲಿನಲ್ಲಿ ವಾಸನೆಯ ಹೂ ಅರಳುವುದಿಲ್ಲ, ವಾಸನೆಯ ಹೂ ಕೊಡದ ಮಣ್ಣಿನ ಮೇಲೆ ಮಲಗಿ ಕಣ್ಣು ಕೊಯ್ಯಿಸಿಕೊಂಡವರಿಗೆ ಒಳ್ಳೆಯದಾಗುವುದಿಲ್ಲ ಎಂಬುದು ಅವರ ವಾದ. ನಾನೂ ಬಿಡಲಿಲ್ಲ, ಬರುತ್ತದೆ ಎಂದೆ. ಆಗ ಅವರು ತಮ್ಮ ಚೀಲದ ತಳದಿಂದ ಒಂದು ಗಂಟು ತೆಗೆದರು. ಅದರಲ್ಲಿ ಅವರ ಹಿತ್ತಲಿನ ಸುಗಂಧರಾಜದ ಗಡ್ಡೆಗಳಿದ್ದವು, ನೋಡಲು ಬಡಕಲು ಉಳ್ಳಾಗಡ್ಡಿಗಳ ಹಾಗೆ. ಒಲ್ಲೆ ಒಲ್ಲೆ ಎನ್ನುತ್ತಲೇ ಗಂಟು ಕಟ್ಟಿಕೊಂಡು ಬಂದವರ ಮನಸ್ಸಿನಲ್ಲಿ ಏನಿತ್ತೆಂದು ನಾನು ಕೇಳಲಿಲ್ಲ, ಕೇಳಿದ್ದರೆ ಗಂಟು ವಾಪಸು ಚೀಲಕ್ಕೆ ಹೋಗುತ್ತಿತ್ತು. "ಈ ಊರಿನ ಮಣ್ಣಿನಾಗ ಇದು ಹೂ ಬಿಟ್ರ ಕಣ್ಣ ಮಾಡಸ್ಕೋತೀನಿ," ಎಂದರು. "ಬಸವ ಜಯಂತಿ ತನಕಾ ನೋಡತೀನಿ. ಬಿಡಲಿಲ್ಲಂದ್ರ ಹಬ್ಬದ ಹಿಂದಿನ ದಿನ ನನ್ನ ಬಸ್ಸಿಗೆ ಕೂಡಸ್ರಿ."

ಮಹಾಶಯರೇ, ಅತ್ತೆ ಊರಿಗೆ ಹೋಗದಿರಲಿ ಎಂದು ಸೊಸೆಯೊಬ್ಬಳು ದೇವರಿಗೆ ಹರಕೆ ಹೊತ್ತದ್ದು ತಮ್ಮ ಬಿಲದ ಇತಿಹಾಸದಲ್ಲಿ ತಾವು ಕೇಳಿರಲಿಕ್ಕಿಲ್ಲ, ನಾನಂತೂ ಕೇಳಿರಲಿಲ್ಲ. ಅತ್ತೆಯವರ ನಾಲಿಗೆ ಹರಿತವೇ, ಅನ್ನಕ್ಕೆ ಹಾಕುವ ಉಪ್ಪಿನಿಂದ ಹಿಡಿದು ನಾನು ಬಾಗಿಲು ಹಾಕುವ ಸದ್ದಿನವರೆಗೆ ಅವರ ಟೀಕೆಯಿಂದ ಪಾರಾದದ್ದು ಯಾವುದೂ ಇಲ್ಲ. ಆದರೆ ಸಂಜೆ ವನಜಾಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ಅವಳ ಹಣೆ, ಕೆನ್ನೆ, ಗದ್ದವನ್ನೆಲ್ಲ ಬೆರಳಿನಿಂದ ತಡವುತ್ತ ಇಕಿ ಯಾರಂಗ ಅದಾಳ ಎಂದು ಅವರು ಕೇಳುವಾಗ, ನನಗೆ ಒಲೆಯ ಮೇಲಿನ ಸಾರು ಉಕ್ಕಿದ್ದೂ ತಿಳಿಯುತ್ತಿರಲಿಲ್ಲ. ಆ ಮುಖವನ್ನು ಅವರು ನೋಡಲೇಬೇಕೆಂದು ನನಗೆ ಹಠ ಹುಟ್ಟಿತ್ತು.

ಅದಕ್ಕೆ ಏನೆಲ್ಲ ಮಾಡಿದೆವು ಎಂಬುದನ್ನು ತಾವು ಕೆಳಗಿನಿಂದ ನೋಡಿಯೇ ಇದ್ದೀರಿ. ಅಂಗಳದ ಕಲ್ಲುಹಾಸು ಕಿತ್ತು, ಯಜಮಾನರು ಆಸಿಫ್‌ನಗರದ ತಬೇಲಾದಿಂದ ಎಮ್ಮೆಯ ಗೊಬ್ಬರವನ್ನು ಸ್ಕೂಟರಿನ ಮೇಲೆ ಹೊತ್ತು ತಂದರು. ಆ ವಾರವಿಡೀ ಆಫೀಸಿನಲ್ಲಿ ಅವರ ಪಕ್ಕದ ಕುರ್ಚಿ ಖಾಲಿ ಇತ್ತಂತೆ. ಅತ್ತೆಯವರು ಕಟ್ಟೆಯ ಮೇಲೆ ಕುಳಿತು, ಗಡ್ಡೆ ಎಷ್ಟು ಆಳಕ್ಕೆ ಹೋಗಬೇಕೆಂದು ಬೆರಳಿನಿಂದ ತೋರಿಸುತ್ತ ನೆಡಿಸಿದರು. ಕಡೆಯಲ್ಲಿ ಒಂದು ಮಾತು ಹೇಳಿದರು, ಇಡೀ ಬೇಸಿಗೆ ಅದೇ ಮಾತನ್ನು ಹೇಳುತ್ತಲೇ ಇದ್ದರು. "ಇದಕ್ಕ ನೀರಿನ ಹಂಬಲ ಇಲ್ಲ. ಬಿಸಲು ಕೊಡ್ರಿ, ವಾರಕ್ಕೊಮ್ಮೆ ಗುಟುಕು ನೀರು ಕೊಡ್ರಿ, ಆಮ್ಯಾಲೆ ಮರತು ಬಿಡ್ರಿ."

ಇದಕ್ಕಿಂತ ಸುಲಭದ ಆಜ್ಞೆ ಯಾವುದಿದೆ ಹೇಳಿ. ನಳಕ್ಕೆ ದಿನ ಬಿಟ್ಟು ದಿನ ನೀರು, ಬೋರ್‌ವೆಲ್ಲಿನ ಹ್ಯಾಂಡಲ್ ಹೊಡೆದು ಹೊಡೆದು ಭುಜ ಬಾತಿರುವ ಈ ಬೇಸಿಗೆಯಲ್ಲಿ ನೀರು ಬೇಡದ ಗಿಡವೊಂದು ಮನೆಗೆ ಬಂದಿತ್ತು. ನಾನು ಅಕ್ಷರಶಃ ಪಾಲಿಸಿದೆ. ಹೀಗಿದ್ದೂ ಶಿವರಾತ್ರಿ ಕಳೆಯುವಷ್ಟರಲ್ಲಿ ಪಾತಿಯ ಮಣ್ಣು ಬೆರಳಿಟ್ಟರೆ ಬೆರಳು ಮುಳುಗುವಷ್ಟು ಮೆತ್ತಗಾಗಿತ್ತು. ಎಲೆಗಳೇನೋ ಉದ್ದಕ್ಕೆ, ಹಸಿರಾಗಿ, ಸೊಂಪಾಗಿ ಬಂದವು, ಆದರೆ ಹೂವಿನ ಕಡ್ಡಿ ಮಾತ್ರ ಒಂದೂ ಇಲ್ಲ. ಯುಗಾದಿಯ ಹೊತ್ತಿಗೆ ಆ ಎಲೆಗಳೂ ಬುಡದಿಂದ ಹಳದಿಯಾದವು, ಶಿವರಾತ್ರಿಯಿಂದಲೇ ಅಲ್ಲಲ್ಲಿ ಗಿಡಕ್ಕೆ ಗಿಡವೇ ಮಾಯವಾಗುತ್ತಿತ್ತು. ಕೊಳೆತಿರಬೇಕೆಂದು ನಾನು ತಿಳಿದೆ, ತಮ್ಮ ಮೇಲೆ ಆಗಿನ್ನೂ ನನಗೆ ಸಂಶಯ ಬಂದಿರಲಿಲ್ಲ.

ಯಾರು ನೀರು ಹಾಕುತ್ತಿದ್ದಾರೆ ಎಂದು ವಿಚಾರಣೆ ಮಾಡಿದೆ. ಯಜಮಾನರನ್ನು ಕೇಳಿದೆ, ಆಣೆ ಮಾಡಿದರು. ಪಕ್ಕದ ಮನೆಯ ಸುಂದರಾಬಾಯಿಯವರನ್ನು ಕೇಳಿದೆ, ನನ್ನ ತುಳಸಿಗೇ ನೀರಿಲ್ಲ, ನಿಮ್ಮ ಗಿಡಕ್ಕೆ ಎಲ್ಲಿಂದ ತರಲಿ ಎಂದರು. ಹಿಂದಿನ ಮನೆಯ ಬಂಡೆಪ್ಪನವರು ಲಿಂಗದ ಮೇಲೆ ಕೈಯಿಟ್ಟು, ನಿಮ್ಮ ಪಾತಿಗೆ ಒಂದು ಹನಿ ನೀರು ಹಾಕಿಲ್ಲ ಎಂದರು. ಅತ್ತೆಯವರಂತೂ ನನ್ನನ್ನೇ ಗುಮಾನಿಯಿಂದ ನೋಡಿದರು, ಅಂದರೆ ನನ್ನ ಧ್ವನಿ ಬಂದ ದಿಕ್ಕಿಗೆ ನೋಡಿದರು. ಮಹಾಶಯರೇ, ಇವರಲ್ಲಿ ಒಬ್ಬರೂ ಸುಳ್ಳು ಹೇಳಿರಲಿಲ್ಲ. ನಾನೂ ಹೇಳಿರಲಿಲ್ಲ.

ಸತ್ಯ ಬಯಲಾದದ್ದು ಒಂದು ಸೋಮವಾರ. ನಳಕ್ಕೆ ನೀರು ಬಂದದ್ದು ತಡವಾಗಿ, ಎಲ್ಲರ ಸ್ನಾನವೂ ಪೂಜೆಯೂ ಒಂದೇ ಹೊತ್ತಿಗೆ ಬಿದ್ದಿತ್ತು. ನಾನು ಲಿಂಗಪೂಜೆ ಮುಗಿಸಿ ಚೊಂಬು ಹಿಡಿದು ಅಂಗಳಕ್ಕೆ ಬಂದರೆ, ಹಿತ್ತಲ ಬಾಗಿಲಿನಿಂದ ಬಂಡೆಪ್ಪನವರು ವಿಭೂತಿ ಧರಿಸಿ ಚೊಂಬು ಹಿಡಿದು ಬರುತ್ತಿದ್ದಾರೆ. ಅವರ ಹಿಂದೆ ಅವರ ತಾಯಿ. ಗೇಟಿನಿಂದ ಸುಂದರಾಬಾಯಿ, ಅವರ ಗಂಡ, ಅವರ ಮೈದುನ. ಎದುರು ಸಾಲಿನ ಎರಡು ಮನೆಯವರು. ಅತ್ತೆಯವರು ಗೋಡೆ ಹಿಡಿದುಕೊಂಡು ತಮ್ಮ ಬೆಳ್ಳಿಯ ಗಿಂಡಿಯೊಂದಿಗೆ ಅದಾಗಲೇ ಪಾತಿಯ ಪಕ್ಕ ನಿಂತಿದ್ದಾರೆ. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು, ಆಮೇಲೆ ಎಲ್ಲರೂ ತಂತಮ್ಮ ಚೊಂಬಿನೊಳಗೆ ನೋಡಿಕೊಂಡರು.

ತಮಗೆ ನಮ್ಮ ಪದ್ಧತಿ ತಿಳಿಯದಿರಬಹುದು. ಲಿಂಗಪೂಜೆ ಮಾಡಿದ ನೀರನ್ನು ಯಾರೂ ತುಳಿಯುವ ಜಾಗದಲ್ಲಿ ಚೆಲ್ಲುವಂತಿಲ್ಲ, ಅದು ಗಿಡದ ಬುಡಕ್ಕೇ ಹೋಗಬೇಕು. ಮೊದಲೆಲ್ಲ ನಮ್ಮ ಕನ್ನಡದ ಮನೆಗಳ ಪೂಜೆಯ ನೀರು ಬಂಡೆಪ್ಪನವರ ಮೂಲೆಯ ಕಣಗಿಲ ಗಿಡಕ್ಕೆ ಹೋಗುತ್ತಿತ್ತು. ಅವರು ಮಹಡಿ ಕಟ್ಟಿಸುತ್ತೇನೆಂದು ಆ ಗಿಡ ಕಡಿಸಿ, ಅದೇ ಜಾಗದಲ್ಲಿ ತಳಪಾಯಕ್ಕೆಂದು ಕಲ್ಲುಪುಡಿಯಂಥ ಮುರುಮಿನ ಗುಡ್ಡೆ ಹಾಕಿಸಿದರು. ಮಹಡಿ ಬರಲಿಲ್ಲ, ಕಣಗಿಲೆ ಹೋಯಿತು. ಮಿಕ್ಕ ಅಂಗಳಗಳೆಲ್ಲ ಸಿಮೆಂಟು, ಸುಂದರಾಬಾಯಿಯವರ ತುಳಸಿ ಇರುವುದು ಒಡೆದ ಬಕೆಟ್ಟಿನಲ್ಲಿ. ತುಳಿಯದ ಮಣ್ಣು ಎಂದು ಕಾಲೊನಿಯಲ್ಲಿ ಉಳಿದದ್ದು ನಮ್ಮ ಸುಗಂಧರಾಜದ ಪಾತಿಯೊಂದೇ.

ಹಾಗಾದರೆ ನೀರು ಹಾಕಿಲ್ಲ ಎಂದಿರಲ್ಲ ಎಂದು ನಾನು ಎಲ್ಲರನ್ನೂ ಜಗ್ಗಿಸಿ ಕೇಳಿದೆ. ಬಂಡೆಪ್ಪನವರು ನನ್ನನ್ನು ಅಯ್ಯೋ ಪಾಪ ಎಂಬಂತೆ ನೋಡಿ ಉತ್ತರ ಕೊಟ್ಟರು. "ಇದು ನೀರೇನ್ರೀ ಅಕ್ಕಾರ, ಲಿಂಗದ್ದಲ್ಲೇನ್ರಿ?" ಅಲ್ಲಿದ್ದ ಒಬ್ಬರೂ ಅದನ್ನು ನೀರೆಂದು ಎಣಿಸಿರಲಿಲ್ಲ. ಬಂಡೆಪ್ಪನವರ ಆಣೆ ಪೂರ್ತಿ ನಿಜವಾದ ಆಣೆ. ನೀರು ಕೊಡಬೇಡಿ ಎಂದು ಹಗಲೆಲ್ಲ ನಮಗೆ ಬುದ್ಧಿ ಹೇಳಿದ ಅತ್ತೆಯವರೇ ದಿನಾ ಬೆಳಗ್ಗೆ ಗಿಂಡಿಯಷ್ಟು ಸುರಿದಿದ್ದರು. ನಾನೂ ಚೊಂಬಿನಷ್ಟು ಸುರಿದಿದ್ದೆ, ಸುರಿದು ಕೈಮುಗಿದು ಒಳಗೆ ಹೋಗಿ, ಇವತ್ತು ಗಿಡಕ್ಕೆ ಒಂದು ಹನಿಯೂ ಹಾಕಿಲ್ಲ ಎಂದು ಹೆಮ್ಮೆಪಟ್ಟುಕೊಂಡಿದ್ದೆ. ಬಾಯಾರಿಕೆಯನ್ನು ತಡೆದು ಬಾಳುವ ಬಡಪಾಯಿ ಗಡ್ಡೆಗಳನ್ನು ನಾವೆಲ್ಲ ಸೇರಿ ಭಕ್ತಿಯಿಂದ ಮುಳುಗಿಸಿದ್ದೆವು.

ತಮ್ಮ ಪ್ರವೇಶವಾದದ್ದು ಇಲ್ಲಿಯೇ. ಇಡೀ ಮೆಹದಿಪಟ್ಟಣದ ನೆಲ ಒಣಗಿ ಹಂಚಾಗಿದ್ದಾಗ ಉಗುರಿಗೆ ನೋವಾಗದ ಮಣ್ಣು ತಮಗೆ ಸಿಕ್ಕಿದ್ದು ನಮ್ಮ ಪಾತಿಯಲ್ಲಿ, ತಾವು ಬಾರದೆ ಇದ್ದರೇ ಆಶ್ಚರ್ಯ. ಆ ಸೋಮವಾರ ಯಜಮಾನರು ಗುದ್ದಲಿ ತಂದು, ಉಳಿದ ಗಡ್ಡೆಗಳನ್ನಾದರೂ ಬೇರೆಡೆಗೆ ನೆಡೋಣವೆಂದು ಅಗೆದರು. ಕೊಳೆತವು ನಾಲ್ಕಾರು ಸಿಕ್ಕವು. ಮಿಕ್ಕವುಗಳ ಜಾಗದಲ್ಲಿ, ನಮ್ಮ ವನಜಾ ಭುಜದವರೆಗೆ ಕೈ ತೂರಿಸಬಹುದಾದಂಥ ಒಂದು ಸುರಂಗ ಸಿಕ್ಕಿತು, ಅದು ಗೋಡೆಯ ಅಡಿಯಿಂದ ಹಿಂದಿನ ಓಣಿಯ ಕಡೆ ಹೋಗಿತ್ತು. ನಾನು ಆ ಬಿಲದ ಬಾಯಲ್ಲಿ ಕುಳಿತು ತಮ್ಮ ವಂಶವನ್ನೆಲ್ಲ ನೆನೆದು ಏನೇನು ಮಾತಾಡಿದೆನೋ, ಅದನ್ನು ತಾವು ಕೇಳಿಸಿಕೊಂಡಿದ್ದರೆ ದಯವಿಟ್ಟು ಮರೆತುಬಿಡಬೇಕು.

ಆಮೇಲಿನ ದಿನಗಳಲ್ಲಿ ತಮಗೆ ನಮ್ಮಿಂದ ಆದ ತೊಂದರೆಯನ್ನೂ ಒಪ್ಪಿಕೊಳ್ಳುತ್ತೇನೆ. ಯಜಮಾನರು ಎಲ್ಲಿಂದಲೋ ಒಂದು ಕಬ್ಬಿಣದ ಬೋನು ತಂದು, ಮಿರ್ಚಿ ಭಜಿ ಕಟ್ಟಿ ಇಟ್ಟರು. ತಾವು ಭಜಿಯನ್ನು ಹೊರಗಿನಿಂದಲೇ ಎಳೆದುಕೊಂಡು, ಮೆಣಸಿನಕಾಯಿ ಮಾತ್ರ ಬಿಟ್ಟು ಹೋದಿರಿ. ಮರುದಿನ ಒಣಕೊಬ್ಬರಿ ಕಟ್ಟಿದರೆ ಸುಂದರಾಬಾಯಿಯವರ ಬೆಕ್ಕು ಬಿತ್ತು. ಆ ಬೆಕ್ಕಿನ ಸಲುವಾಗಿ ಅವರು ನಮ್ಮೊಂದಿಗೆ ಮಾತು ಬಿಟ್ಟರು, ಆದರೆ ಪೂಜೆಯ ನೀರು ತರುವುದನ್ನು ಬಿಡಲಿಲ್ಲ, ಗಿಡವಿಲ್ಲದ ಪಾತಿಗೇ ಬಂದು ಮಾತಿಲ್ಲದೆ ಸುರಿದು ಹೋಗುತ್ತಿದ್ದರು.

ಹೀಗೆ ಬಸವ ಜಯಂತಿ ಬಂದೇಬಿಟ್ಟಿತು. ಅತ್ತೆಯವರು ಹಿಂದಿನ ದಿನ ಬೆಳಗ್ಗೆ ಎದ್ದವರೇ ಸೀರೆ ಮಡಚಿ ಚೀಲ ತುಂಬಿದರು. ಯಜಮಾನರು ಆಫೀಸಿಗೆ ರಜೆ ಹಾಕಿ, ಎಲ್ಲಿಗೆ ಎಂದು ನನಗೂ ಹೇಳದೆ ಸ್ಕೂಟರ್ ತೆಗೆದುಕೊಂಡು ಹೋದರು. ಬಂದಾಗ ಅವರ ಬಗಲಲ್ಲಿ ಜಾಂಬಾಗಿನ ಹೂವಿನ ಮಂಡಿಯ ಸುಗಂಧರಾಜದ ಕಡ್ಡಿಗಳು, ತುದಿಯವರೆಗೆ ಮೊಗ್ಗು ಅರಳಿದವು. ಅವನ್ನು ಒಂದೊಂದಾಗಿ ಖಾಲಿ ಪಾತಿಯಲ್ಲಿ ಚುಚ್ಚಿ, ಮಣ್ಣು ಒತ್ತಿ, ಅವ್ವನನ್ನು ಕೈಹಿಡಿದು ಕರೆತಂದು, ನೋಡವ್ವ ನಿನ್ನ ಹೂವು ಎಂದು ಮೂಗಿನ ಹತ್ತಿರ ಹಿಡಿದರು. ಹೆಂಡತಿಯಾದ ನಾನು ಈ ಮೋಸಕ್ಕೆ ಸಾಕ್ಷಿಯಾಗಿ ನಿಂತಿದ್ದೆ, ದೇವರೇ ಇದೊಂದು ಸಲ ನಡೆಸಿಕೊಡು ಎಂದು ಬೇಡಿಕೊಂಡೆ. ಅತ್ತೆಯವರು ಒಮ್ಮೆ ಮೂಸಿ, ಇನ್ನೊಮ್ಮೆ ಮೂಸಿದರು. ಆಮೇಲೆ ಮಗನ ಕೈಯನ್ನು ಮೆಲ್ಲಗೆ ತಟ್ಟಿ ಹೇಳಿದರು. "ಹಸೀ ಗೋಣಿಚೀಲದ ವಾಸನಿ ಬರಾಕತ್ತೈತಿ ತಮ್ಮಾ. ಇದು ಬಸ್ಸಿನಾಗ ಬಂದ ಹೂ." ಯಜಮಾನರು ತಲೆ ತಗ್ಗಿಸಿ ಒಳಗೆ ಹೋದರು. ನನಗೆ ನಗು ಬರಬೇಕಾಗಿತ್ತು, ಬರಲಿಲ್ಲ.

ಸಂಜೆ ಗೌಲಿಗೂಡದಿಂದ ರಾಯಚೂರಿನ ಬಸ್ಸು. ಆಟೋ ಕರೆಸಿ ನಾನೂ ವನಜಾಳೂ ಅತ್ತೆಯವರೊಂದಿಗೆ ಕುಳಿತೆವು, ಯಜಮಾನರು ಚೀಲ ಇಟ್ಟುಕೊಂಡು ಸ್ಕೂಟರಿನಲ್ಲಿ ಮುಂದೆ ಹೋದರು. ಮುಂದಿನ ರಸ್ತೆಯನ್ನು ಪೈಪಿಗಾಗಿ ಅಗೆದು ಹಾಕಿದ್ದರಿಂದ ಆಟೋ ಹಿಂದಿನ ಓಣಿಗೆ ತಿರುಗಿತು. ಅತ್ತೆಯವರು ವನಜಾಳ ಮುಖವನ್ನು ಎಂದಿನಂತೆ ಬೆರಳಿನಿಂದ ತಡವುತ್ತಿದ್ದರು, ಈ ಸಲ ತುಸು ನಿಧಾನವಾಗಿ. ಅವರ ಅಂಜಿಕೆ ಗೆದ್ದಿತು, ನನ್ನ ಹಠ ಸೋತಿತು ಎಂದು ನಾನು ಹೊರಗೆ ಮುಖ ಮಾಡಿ ಸೆರಗಿನಿಂದ ಕಣ್ಣೊರೆಸಿಕೊಂಡೆ.

ಆಗ ಅತ್ತೆಯವರ ಕೈ ನಿಂತಿತು. ತಲೆ ಎತ್ತಿದರು. ಮುಂದಿದ್ದ ಆಟೋದವರ ಬೆನ್ನು ತಟ್ಟಿ, "ನಿಲ್ಲಸಪ್ಪಾ," ಎಂದರು. ಅವರಿಗೆ ಕನ್ನಡ ಬಾರದಿದ್ದರೂ ಆ ತಟ್ಟುವಿಕೆ ತಿಳಿಯಿತು, ಗಾಡಿ ನಿಂತಿತು. ಏನಾಯಿತೆಂದು ನಾನು ಕೇಳುವುದರೊಳಗೆ ಅತ್ತೆಯವರು ಒಂದು ಕಾಲು ಕೆಳಗಿಟ್ಟಿದ್ದರು. "ಉಮಾ, ಇಲ್ಲೇ ಎಲ್ಲೋ ನಮ್ಮ ಹೂ ಐತಿ."

ನಾನು ಕೈಹಿಡಿದೆ, ಆದರೆ ದಾರಿ ತೋರಿಸಿದವರು ಅವರೇ. ನೇರವಾಗಿ ಬಂಡೆಪ್ಪನವರ ಮುರುಮಿನ ಗುಡ್ಡೆಯ ಹಿಂಬದಿಗೆ, ಓಣಿಯವರು ಒಡೆದ ಇಟ್ಟಿಗೆ ಎಸೆಯುವ ಮೂಲೆಗೆ ಕರೆದೊಯ್ದರು. ಅಲ್ಲಿ ತಮ್ಮ ಮನೆಯ ಮಹಾದ್ವಾರವಿತ್ತು. ದ್ವಾರದ ಎರಡೂ ಕಡೆ, ತಾವು ಒಯ್ದು ಕೂಡಿಟ್ಟು, ರುಚಿಸಲಿಲ್ಲವೋ ಏನೋ ತಿನ್ನದೆ ಹೊರಗೆ ತಳ್ಳಿದ ನಮ್ಮ ಗಡ್ಡೆಗಳಿಂದ ಮೊಳಕಾಲುದ್ದದ ಕಡ್ಡಿಗಳೆದ್ದು, ಬೆಳ್ಳಗೆ ಅರಳಿ ನಿಂತಿದ್ದವು. ಇಷ್ಟು ದಿನ ಅದನ್ನು ಹುಲ್ಲೆಂದು ತಿಳಿದು ಓಣಿಯವರೆಲ್ಲ ದಾಟಿ ಹೋಗಿದ್ದೆವು. ಗೊಬ್ಬರವಿಲ್ಲ, ಪಾತಿಯಿಲ್ಲ, ಭಕ್ತರಿಲ್ಲ. ಸುಡುಬಿಸಿಲು, ಕಲ್ಲುಮಣ್ಣು, ಯುಗಾದಿಯ ಹೊತ್ತಿಗೆ ಬಿದ್ದ ಒಂದು ಮಳೆ, ಅಷ್ಟೇ. ಅತ್ತೆಯವರು ಕುಕ್ಕರುಗಾಲಲ್ಲಿ ಕುಳಿತು ಒಂದು ಕಡ್ಡಿಯನ್ನು ತುದಿಯಿಂದ ಬುಡದವರೆಗೆ ಸವರಿ, ಬುಡದ ಮಣ್ಣನ್ನು ಹಿಡಿಯಷ್ಟು ತೆಗೆದು ಕೈಯಲ್ಲಿ ತಿಕ್ಕಿ ನೋಡಿದರು. ಮುರುಮು. ಅಪ್ಪಟ ಹೈದರಾಬಾದಿನ ಮುರುಮು.

ಅವರು ಇನ್ನೊಂದು ಹಿಡಿ ತೆಗೆದು ಅದನ್ನೂ ತಿಕ್ಕಿ ನೋಡಿದರು. ಒಂದು ಮಾತು ಹೆಚ್ಚಾದರೆ ಎಲ್ಲಿ ಎದ್ದು ಆಟೋ ಹತ್ತುತ್ತಾರೋ ಎಂಬ ಭಯ ನನಗೆ. ಕಡೆಗೆ ಮಣ್ಣಿನ ಕೈಯನ್ನೇ ನನ್ನ ಕಡೆ ಚಾಚಿ, "ಎಬ್ಬಸು," ಎಂದರು. "ಭಾಳ ಅಂಜಿಕಿ ಆಗತೈತಿ ಉಮಾ. ಆದ್ರ ಮಾತು ಕೊಟ್ಟೀನಿ." ನಾನು ಎಬ್ಬಿಸಿದೆ. ಆಟೋದಲ್ಲಿ ಕುಳಿತು ಮನೆಗೆ ವಾಪಸು ಬಂದೆವು. ಇದಾವುದೂ ತಿಳಿಯದ ಯಜಮಾನರು ಗೌಲಿಗೂಡದ ನಿಲ್ದಾಣದಲ್ಲಿ ಚೀಲ ಹಿಡಿದು, ಬಸ್ಸು ಹೋದ ಮೇಲೂ ಕಾದು ನಿಂತಿದ್ದರಂತೆ.

ಮರುದಿನ ಬಸವ ಜಯಂತಿಗೆ ಆ ಹೂಗಳೇ ಬಂದವು. ಗುಡ್ಡೆ ತನ್ನದಾದ್ದರಿಂದ ಹೂವಿನ ಮೊದಲ ಮರ್ಯಾದೆ ತನಗೆ ಸಲ್ಲಬೇಕೆಂದು ಬಂಡೆಪ್ಪನವರು ಸಣ್ಣದೊಂದು ತಕರಾರು ತೆಗೆದರು, ಗುಡ್ಡಿ ನಿಂದು, ಗಡ್ಡಿ ನಂದು ಎಂದು ಅತ್ತೆಯವರು ಬಾಯಿ ಮುಚ್ಚಿಸಿದರು. ಬೆಕ್ಕಿನ ವಿಷಯ ಮರೆತು ಸುಂದರಾಬಾಯಿಯವರೂ ಮಾತಾಡಿದರು. ಹಬ್ಬ ಕಳೆದ ಕೆಲವೇ ದಿನಗಳಲ್ಲಿ ಮೊದಲ ಕಣ್ಣಿನ ಆಪರೇಷನ್ ಆಯಿತು.

ಪಟ್ಟಿ ಬಿಚ್ಚಿದ ದಿನ ಡಾಕ್ಟರು ದಪ್ಪ ಕನ್ನಡಕ ಹಾಕಿ, ಏನು ಕಾಣುತ್ತದೆ ಎಂದು ಕೇಳಿದರು. ಅತ್ತೆಯವರು ಡಾಕ್ಟರ ಕಡೆಯಿಂದ ತಲೆ ತಿರುಗಿಸಿದರು. ನನ್ನ ಸೊಂಟದ ಮೇಲಿದ್ದ ವನಜಾಳನ್ನು ನೋಡಿದರು. ನೋಡುತ್ತಲೇ ಇದ್ದರು. ಅಭ್ಯಾಸದಂತೆ ಬೆರಳು ಚಾಚಿದವರು, ಇನ್ನು ಅದರ ಅಗತ್ಯವಿಲ್ಲವೆಂದು ನೆನಪಾಗಿ ಕೈಯನ್ನು ಹಿಂದಕ್ಕೆ ತೆಗೆದುಕೊಂಡು, "ಇಕಿ ಮೂಗು ನಂದ ಐತಿ," ಎಂದರು. ಯಜಮಾನರು ಕಿಟಕಿಯ ಕಡೆ ತಿರುಗಿ ನಿಂತರು. ನಾನು ಅಲ್ಲಿಯೇ, ಎಲ್ಲರೆದುರಿಗೆ, ಗಳಗಳ ಅತ್ತುಬಿಟ್ಟೆ.

ಇಷ್ಟೆಲ್ಲ ಒಳ್ಳೆಯದಾದ ಮೇಲೆ ದೂರು ಏತಕ್ಕೆ ಎಂದು ತಾವು ಕೇಳಬಹುದು. ದೂರು ಇದೆ, ಮಹಾಶಯರೇ. ಗಡ್ಡೆ ಕದ್ದಿರೆಂದಲ್ಲ. ಕದ್ದ ಮಾಲನ್ನು ಮಾಲೀಕರಿಗಿಂತ ಚೆನ್ನಾಗಿ ಬೆಳೆಸಿದಿರಿ ಎಂಬುದು ನನ್ನ ದೂರು. ಸುಗಂಧರಾಜಕ್ಕೆ ಬೇಕಾದದ್ದು ಬಿಸಿಲು, ಬಸಿಯುವ ಮಣ್ಣು ಮತ್ತು ಮರೆವು. ಈ ಮೂರನ್ನೂ ಇಡೀ ಕಾಲೊನಿಯಲ್ಲಿ ಒದಗಿಸಿದವರು ತಾವೊಬ್ಬರೇ, ಅದರಲ್ಲೂ ಆ ಮೂರನೆಯದು ನಮ್ಮ ಕೈಲಿ ಎಂದೂ ಆಗದ ಕೆಲಸ. ಆದ್ದರಿಂದ ತಾವು ಈ ಕೆಳಗಿನ ವಿಷಯಗಳನ್ನು ಸಹಾನುಭೂತಿಯಿಂದ ಪರಿಶೀಲಿಸಬೇಕೆಂದು ಪ್ರಾರ್ಥನೆ. ಮುಂದಿನ ಸಂಕ್ರಾಂತಿಗೆ ಊರಿನಿಂದ ಬರುವ ಹೊಸ ಗಡ್ಡೆಗಳನ್ನು ನಾನು ಬುಟ್ಟಿಯಲ್ಲಿ ಹಾಕಿ ತಮ್ಮ ದ್ವಾರದಲ್ಲೇ ಇಡುತ್ತೇನೆ, ತಮಗೆ ಗೋಡೆ ಕೊರೆಯುವ ಶ್ರಮ ಬೇಡ. ತಾವು ಅವನ್ನು ಒಯ್ದು, ಬೇಸರಪಟ್ಟು, ಹೊರಗೆ ತಳ್ಳಬೇಕು. ಬಂಡೆಪ್ಪನವರು ಮಹಡಿಯ ಮಾತು ಎತ್ತಿದಾಗಲೆಲ್ಲ ತಾವು ಹಗಲಿನಲ್ಲೇ ದರ್ಶನ ಕೊಟ್ಟು ಅವರ ಮನಸ್ಸು ಬದಲಿಸಬೇಕು. ನಮ್ಮ ಯಜಮಾನರಿಗೆ ಗಿಡದ ವಿಷಯದಲ್ಲಿ ಸುಮ್ಮನಿರುವುದು ಹೇಗೆಂದು ಬಿಡುವಿದ್ದಾಗ ಪಾಠ ಹೇಳಿಕೊಡಬೇಕು. ಪೂಜೆಯ ನೀರಿನ ಚಿಂತೆ ಬೇಡ, ಅದಕ್ಕಾಗಿ ನಮ್ಮ ಖಾಲಿ ಪಾತಿಯಲ್ಲಿ ಒಂದು ಬಾಳೆ ನೆಟ್ಟಿದ್ದೇವೆ, ಎಷ್ಟು ಭಕ್ತಿ ಸುರಿದರೂ ಅದು ಕುಡಿಯುತ್ತದೆ.

ತಮ್ಮ ಬಿಲವು ಬೇಸಿಗೆಯಲ್ಲಿ ತಂಪಾಗಿಯೂ ಮಳೆಗಾಲದಲ್ಲಿ ಒಣಗಿಯೂ ಇರಲೆಂದು ಹಾರೈಸುವ,

ತಮ್ಮ ವಿಶ್ವಾಸಿ ಎಂದು ಹೇಳಿಕೊಳ್ಳದೆ ಗತ್ಯಂತರವಿಲ್ಲದ,
ಉಮಾಬಾಯಿ

ಮರೆತ ಮಾತು: ಅತ್ತೆಯವರಿಗೆ ಎರಡನೆಯ ಕಣ್ಣಿನ ಆಪರೇಷನ್ನೂ ಆಗಿ, ಈಗ ಎರಡೂ ಕಣ್ಣು ಚೆನ್ನಾಗಿ ಕಾಣುತ್ತಿವೆ. ಊರಿಗೆ ಹೋಗುವ ಮಾತೇ ಇಲ್ಲ. ನನ್ನ ಅಡುಗೆಮನೆಯ ಡಬ್ಬಿಗಳ ಮೇಲಿನ ಧೂಳು, ಮೂಲೆಯ ಜೇಡರಬಲೆ, ತಿಕ್ಕದ ತಾಮ್ರದ ಹಂಡೆ, ಇವನ್ನೆಲ್ಲ ಒಂದೊಂದಾಗಿ ಕಂಡುಹಿಡಿಯುತ್ತ, ಪ್ರತಿಯೊಂದಕ್ಕೂ, "ಆ ಹೆಗ್ಗಣ ನೋಡಿ ಕಲಿಯವಾ," ಎನ್ನುತ್ತಿದ್ದಾರೆ. ಮಹಾಶಯರೇ, ತಮ್ಮಲ್ಲಿ ಕೈಮುಗಿದು ಕೇಳಿಕೊಳ್ಳುತ್ತೇನೆ: ಅವರ ಹೊಸ ಕನ್ನಡಕದ ಎದುರಿಗೇ, ಒಂದೇ ಒಂದು ಗಡ್ಡೆಯನ್ನಾದರೂ ದಯವಿಟ್ಟು ತಿಂದು ತೋರಿಸಿ.